ವರ್ಷಕ್ಕೆ 500 ಪೌಂಡ್: ಅಕ್ಕತಂಗಿಯರ ಕಾದಂಬರಿಯಲ್ಲಿ ಹಣದ ಕೆಲಸ

1811ರಲ್ಲಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾದ ಜೇನ್ ಆಸ್ಟಿನ್ ಅವರ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯನ್ನು ವಿವೇಕಕ್ಕೂ ಭಾವುಕತೆಗೂ ನಡೆದ ವಾದವೆಂದು ಓದುವುದು ರೂಢಿ. ಅಕ್ಕ ಎಲಿನರ್ ವಿವೇಕಿ, ತಂಗಿ ಮೇರಿಯನ್ ಭಾವುಕಿ, ಗೆಲ್ಲುವುದು ಅಕ್ಕ. ಈ ಓದು ಮೊದಲ ಎರಡು ಅಧ್ಯಾಯಗಳನ್ನು ಬರೀ ಪೀಠಿಕೆಯೆಂದು ದಾಟಿಬಿಡುತ್ತದೆ. ಅಲ್ಲಿರುವುದು ಒಂದು ಉಯಿಲು. ನಾರ್ಲೆಂಡಿನ ಮುದಿ ಯಜಮಾನ ತನ್ನನ್ನು ವರ್ಷಗಟ್ಟಲೆ ನೋಡಿಕೊಂಡ ಮನೆಯ ಹೆಣ್ಣುಮಕ್ಕಳಿಗೆ ತಲೆಗೆ 1,000 ಪೌಂಡ್ ಬರೆದು, ಆಗೀಗ ಬಂದುಹೋಗುತ್ತಿದ್ದ ನಾಲ್ಕು ವರ್ಷದ ಗಂಡುಮಗುವಿಗಾಗಿ ಇಡೀ ಆಸ್ತಿಯನ್ನು ಕಟ್ಟಿಟ್ಟು ಸಾಯುತ್ತಾನೆ. ತಂದೆ ಬಿಟ್ಟುಹೋದದ್ದು 7,000. ಒಟ್ಟು 10,000ದ ಬಡ್ಡಿ ವರ್ಷಕ್ಕೆ 500. ತಾಯಿ ಮತ್ತು ಮೂವರು ಹೆಣ್ಣುಮಕ್ಕಳ ಬದುಕು ಅಷ್ಟರಲ್ಲೇ ಸಾಗಬೇಕು. ಅವರನ್ನು ನೋಡಿಕೊಳ್ಳುವೆನೆಂದು ಸಾಯುವ ತಂದೆಗೆ ಮಾತು ಕೊಟ್ಟಿದ್ದ ಮೊದಲ ಹೆಂಡತಿಯ ಮಗ ಜಾನ್, ತನ್ನ ಹೆಂಡತಿ ಫ್ಯಾನಿಯ ಜೊತೆ ಒಂದೇ ಸಲ ಕೂತು ಮಾತಾಡುವುದರೊಳಗೆ 3,000 ಪೌಂಡಿನ ಕೊಡುಗೆಯನ್ನು ಅರ್ಧಕ್ಕಿಳಿಸಿ, ಅದನ್ನೂ ಬಿಟ್ಟು ವರ್ಷಾಶನದ ಯೋಚನೆಗೆ ಬಂದು, ಕೊನೆಗೆ ಸಾಮಾನು ಸಾಗಿಸುವ ನೆರವು ಸಾಕೆಂದು ತೀರ್ಮಾನಿಸುತ್ತಾನೆ. ಈ ಲೆಕ್ಕವನ್ನು ಕೈಬಿಟ್ಟರೆ ಆಸ್ಟಿನ್ ಅವರ ನೈತಿಕ ತೀರ್ಪುಗಳು ಅರ್ಥವಾಗುವುದಿಲ್ಲ. ಅವರಿಂದ ಇ. ಎಂ. ಫಾರ್ಸ್ಟರ್ ತನಕ ಬೆಳೆದ ಅಕ್ಕತಂಗಿಯರ ಕಾದಂಬರಿಯ ಬಲವೂ ಮಿತಿಯೂ ಇದೇ ಲೆಕ್ಕದೊಳಗಿವೆ ಎಂಬುದು ನನ್ನ ವಾದ.

ಹಾಗಾದರೆ ಪ್ರೀತಿ ಜಮಾಖರ್ಚಿಗೆ ಇಳಿಯಿತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ವಿಲೋಬಿಯನ್ನೇ ನೋಡೋಣ. ಮೇರಿಯನ್ ಮೇಲಿನ ಅವನ ಪ್ರೀತಿ ನಿಜವಾಗಿತ್ತು. ಅವಳು ಸಾವಿನಂಚಿನಲ್ಲಿದ್ದಾಳೆಂದು ಕೇಳಿ ಓಡಿಬಂದು ಎಲಿನರ್ ಮುಂದೆ ಅವನಾಡುವ ಮಾತನ್ನು ಕಾದಂಬರಿ ಅಲ್ಲಗಳೆಯುವುದಿಲ್ಲ. ಆದರೂ ಅವನು 50,000 ಪೌಂಡಿನ ಒಡತಿಯಾದ ಮಿಸ್ ಗ್ರೇಯನ್ನು ಮದುವೆಯಾದ. ಬಡತನ ಹಾಗೆ ಮಾಡಿಸಿತು ಎನ್ನೋಣವೆಂದರೆ, ಅವನ ಜಮೀನಿನ ವರಮಾನ ವರ್ಷಕ್ಕೆ 600-700 ಪೌಂಡ್ ಎಂದು ಆಸ್ಟಿನ್ ಮೊದಲೇ ಹೇಳಿಟ್ಟಿದ್ದಾರೆ. ನಾಲ್ವರು ಹೆಂಗಸರು 500ರಲ್ಲಿ ಮರ್ಯಾದೆಯಿಂದ ಬಾಳುತ್ತಿರುವಾಗ ಒಬ್ಬ ಗಂಡಸಿಗೆ ಅದಕ್ಕಿಂತ ಹೆಚ್ಚಿದ್ದೂ ಸಾಲಲಿಲ್ಲ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗಲೇ ಅವನ ತಪ್ಪಿನ ತೂಕ ತಿಳಿಯುತ್ತದೆ. ಹಣದ ಮಾತೆಂದರೆ ತಾತ್ಸಾರವಿರುವ ಮೇರಿಯನ್‌ಗೂ ಸಾಧಾರಣ ಬದುಕೆಂದರೆ ವರ್ಷಕ್ಕೆ 1,800ರಿಂದ 2,000; ಅಕ್ಕ ಸಿರಿತನವೆಂದು ಎಣಿಸುವುದು 1,000ವನ್ನು. ಒಂದೇ ಮನೆ, ಒಂದೇ ಅಸಲು ಇರುವ ಇಬ್ಬರನ್ನು ಆರಿಸಿಕೊಂಡದ್ದರಲ್ಲಿ ಲೇಖಕಿಯ ಜಾಣ್ಮೆಯಿದೆ: ಉಳಿದೆಲ್ಲ ಸಮವಾಗಿರುವಾಗ ನಡತೆಯ ವ್ಯತ್ಯಾಸಕ್ಕೆ ಯಾವ ನೆಪವೂ ಉಳಿಯದು. ಹಣವಿದ್ದ ಹೆಣ್ಣಿನ ಪಾಡನ್ನೂ ಅವರು ಮರೆತಿಲ್ಲ. ಕರ್ನಲ್ ಬ್ರಾಂಡನ್ ಪ್ರೀತಿಸಿದ್ದ ಎಲೈಜಾ ದೊಡ್ಡ ಆಸ್ತಿಗೆ ಹಕ್ಕುದಾರಳು. ಸಾಲದಲ್ಲಿದ್ದ ಮನೆತನವನ್ನು ಉಳಿಸಲು 17ನೆಯ ವಯಸ್ಸಿನಲ್ಲಿ ಅವಳನ್ನು ಅವನ ಅಣ್ಣನಿಗೆ ಬಲವಂತವಾಗಿ ಕಟ್ಟಿದರು. ಮದುವೆಯಾದೊಡನೆ ಹೆಣ್ಣಿನ ಹಣ ಗಂಡನ ಕೈಸೇರುತ್ತಿದ್ದ ಕಾಲವದು. ಇಂಗ್ಲೆಂಡಿನ ಕಾನೂನು ಬದಲಾಗತೊಡಗಿದ್ದು 1870ರಲ್ಲಿ, ಹೆಚ್ಚು ಪೂರ್ಣವಾಗಿ 1882ರಲ್ಲಿ.

ಇನ್ನೊಂದು ಆಕ್ಷೇಪ ಷಾರ್ಲಟ್ ಬ್ರಾಂಟೆ ಅವರದು. 1850ರಲ್ಲಿ 'ಎಮ್ಮಾ' ಓದಿದ ಅವರು, ಆಸ್ಟಿನ್‌ಗೆ ಉತ್ಕಟ ಭಾವಗಳ ಪರಿಚಯವೇ ಇಲ್ಲವೆಂದು ಪತ್ರದಲ್ಲಿ ಬರೆದರು. ಇದನ್ನು ನಾನು ಒಪ್ಪುವುದಿಲ್ಲ. ತಾನು ಪ್ರೀತಿಸಿದ ಎಡ್ವರ್ಡ್‌ಗೆ ಲೂಸಿ ಸ್ಟೀಲ್ ಜೊತೆ ಮೊದಲೇ ನಿಶ್ಚಯವಾಗಿದೆಯೆಂಬ ಗುಟ್ಟನ್ನು ಎಲಿನರ್ ನಾಲ್ಕು ತಿಂಗಳು ಒಳಗೇ ಇಟ್ಟುಕೊಂಡು ಬೇಯುತ್ತಾಳೆ. ಅವನು ಬಿಡುಗಡೆಯಾದನೆಂದು ತಿಳಿದ ಗಳಿಗೆಯಲ್ಲಿ ಕೋಣೆಯಿಂದ ಓಡಿಹೋಗಿ ಅಳುತ್ತಾಳೆ. ಬಚ್ಚಿಡಲು ಪಟ್ಟ ಪಾಡೇ ಇಲ್ಲಿ ಭಾವದ ಆಳವನ್ನು ತೋರಿಸುತ್ತದೆ.

ಬ್ರಾಂಟೆಯ ಆಕ್ಷೇಪಕ್ಕಿಂತ ನನ್ನನ್ನು ಕಾಡುವುದು ಲೂಸಿಯ ಚಿತ್ರಣ. ಅವಳಿಗೆ ಮನೆತನದ ಬೆಂಬಲವಾಗಲಿ, ಕೈಯಲ್ಲಿ ಆಸ್ತಿಯಾಗಲಿ ಇಲ್ಲ. ಎಡ್ವರ್ಡನ ಆಸ್ತಿ ಕೈತಪ್ಪಿದೊಡನೆ ಅದನ್ನು ಪಡೆದ ಅವನ ತಮ್ಮನನ್ನು ಅವಳು ಹಿಡಿದದ್ದು ನೀಚತನವೆಂದೇ ಕಾದಂಬರಿಯ ತೀರ್ಪು. ಆದರೆ ಎಲಿನರ್ ಕೂಡ 350 ಪೌಂಡಿನ ವರಮಾನ ಸಂಸಾರಕ್ಕೆ ಸಾಲದೆಂದು ಬಲ್ಲವಳು. ಅತ್ತೆಯಾಗುವವಳು 10,000 ಕೊಟ್ಟ ಮೇಲೆಯೇ ಎಡ್ವರ್ಡ್ ಜೊತೆ ಅವಳ ಮದುವೆ ನಡೆಯುತ್ತದೆ. ಒಬ್ಬಳ ಎಚ್ಚರ ಸದ್ಗುಣ, ಇನ್ನೊಬ್ಬಳದು ದುರಾಸೆ ಎನ್ನುವಾಗ ಆಸ್ಟಿನ್ ತಮ್ಮದೇ ತಕ್ಕಡಿಯನ್ನು ತುಸು ವಾಲಿಸಿದ್ದಾರೆ. ಎರಡು ವರ್ಷದ ಬಳಿಕ ಬಂದ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ, ನೆಲೆಗಾಗಿ ಕಾಲಿನ್ಸ್‌ನನ್ನು ಮದುವೆಯಾಗುವ 27ರ ಷಾರ್ಲಟ್ ಲೂಕಸ್‌ಗೆ ಅವರು ತೋರಿಸುವ ಸಹಾನುಭೂತಿ ಲೂಸಿಗೆ ಸಿಗಲಿಲ್ಲ. ಹಣ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಯೂ ಹೀಗೆಯೇ ಅರ್ಧಕ್ಕೆ ನಿಲ್ಲುತ್ತದೆ. ನಾರ್ಲೆಂಡಿನ ಊರ ಗೋಮಾಳಕ್ಕೆ ಬೇಲಿ ಹಾಕಿಸುವ ಖರ್ಚು ಭಾರವಾಗಿದೆಯೆಂದು ಜಾನ್ ಗೊಣಗುವ ಮಾತು ಕಾದಂಬರಿಯಲ್ಲಿದೆ. ಆ ಬೇಲಿಯಿಂದ ಮೇವು-ಸೌದೆ ಕಳೆದುಕೊಂಡವರು ಎಲ್ಲೂ ಇಲ್ಲ.

ಅಲ್ಲಿ ಕಾಣದವರಲ್ಲೊಬ್ಬ ಸುಮಾರು ನೂರು ವರ್ಷಗಳ ನಂತರ ಫಾರ್ಸ್ಟರ್ ಅವರ 'ಹೋವರ್ಡ್ಸ್ ಎಂಡ್'ನಲ್ಲಿ (1910) ಬಾಗಿಲು ತಟ್ಟುತ್ತಾನೆ. ಇಲ್ಲಿಯೂ ಅಕ್ಕತಂಗಿಯರು, ಮಾರ್ಗರೆಟ್ ಮತ್ತು ಹೆಲೆನ್. ತಮ್ಮ ಸುಸಂಸ್ಕೃತ ವಿಚಾರಗಳೆಲ್ಲ ವರ್ಷಕ್ಕೆ 600 ಪೌಂಡಿನ ನೆಲದ ಮೇಲೆ ನಿಂತಿವೆ ಎಂದು ಮಾರ್ಗರೆಟ್ ಬಾಯಿಬಿಟ್ಟು ಹೇಳುತ್ತಾಳೆ. ಎಲಿನರ್ ಬಾಯಲ್ಲಿ ಇಂಥ ಮಾತು ಬರುವುದು ಸಾಧ್ಯವಿರಲಿಲ್ಲ. ವಿಮಾ ಕಂಪನಿಯ ಗುಮಾಸ್ತ ಲಿಯೊನಾರ್ಡ್ ಬಾಸ್ಟ್ ಅವರ ಸದುದ್ದೇಶದ ಸಲಹೆಯಿಂದಲೇ ಕೆಲಸ ಕಳೆದುಕೊಳ್ಳುತ್ತಾನೆ, ಹೆಲೆನ್ ನೀಡಬಂದ 5,000 ಪೌಂಡನ್ನು ನಿರಾಕರಿಸುತ್ತಾನೆ. ಪರಂಪರೆ ಇಲ್ಲಿ ನಿಜವಾಗಿಯೂ ಮುಂದೆ ಹೆಜ್ಜೆಯಿಟ್ಟಿದೆ. ಆದರೆ ಅವನನ್ನು ಸಾಯಿಸಿ, ಹೆಲೆನಳಲ್ಲಿ ಅವನಿಗೆ ಹುಟ್ಟಿದ ಮಗುವಿಗೆ ಮನೆಯ ವಾರಸುದಾರಿಕೆ ಕೊಡುವ ಮುಕ್ತಾಯದಲ್ಲಿ ಫಾರ್ಸ್ಟರ್ ಮತ್ತೆ ಉಯಿಲಿನ ದಾರಿಗೇ ಮರಳುತ್ತಾರೆ. ದುಡಿಯುವವನಿಗೆ ಬದುಕಿರುವಾಗಲೇ ಆ ಮನೆಯೊಳಗೆ ಜಾಗ ಮಾಡಿಕೊಡುವ ಕಥೆಯನ್ನು ಅವರಿಗೂ ಕಟ್ಟಲಾಗಲಿಲ್ಲ.