‘ಲೀಲಾವತಿಯ ಪುತ್ರಿಯರು’: ಗ್ರಂಥವಿಮರ್ಶೆ

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯವರು 2008ರಲ್ಲಿ ಪ್ರಕಟಿಸಿದ ‘ಲೀಲಾವತೀಸ್ ಡಾಟರ್ಸ್’ ಎಂಬ ಇಂಗ್ಲೀಷು ಗ್ರಂಥವು, ವಿಜ್ಞಾನ ಸಂಶೋಧನೆಯಲ್ಲಿ ತೊಡಗಿದ ಸುಮಾರು ನೂರು ಮಂದಿ ಭಾರತೀಯ ಸ್ತ್ರೀಯರ ಜೀವನವೃತ್ತಾಂತಗಳ ಸಂಗ್ರಹವಾಗಿರುತ್ತದೆ. ರೋಹಿಣಿ ಗೋಡ್‌ಬೋಲೆ ಮತ್ತು ರಾಮ್ ರಾಮಸ್ವಾಮಿಯವರು ಇದರ ಸಂಪಾದಕರು. ಗತಿಸಿದವರನ್ನು ಕುರಿತು ಇತರರು ಬರೆದಿದ್ದಾರೆ. ಉಳಿದ ಅನೇಕರು ತಮ್ಮ ಕಥೆಯನ್ನು ತಾವೇ ಹೇಳಿಕೊಂಡಿದ್ದಾರೆ.

ಮೊದಲು ಹೆಸರಿನ ವಿಚಾರ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಲೀಲಾವತಿ’ಯನ್ನು ಓದಿದವರು ಬಲ್ಲರು: ಆಚಾರ್ಯನು ಲೆಕ್ಕವನ್ನು ಒಡ್ಡುವಾಗ ಕೆಲವೆಡೆ ಬಾಲೆಯೆಂದೂ ಎಳೆಜಿಂಕೆಯ ಕಣ್ಣಿನವಳೆಂದೂ ಸಂಬೋಧಿಸುತ್ತಾನೆ, ಕೆಲವೆಡೆ ಸಖನೆಂದು ಕರೆಯುತ್ತಾನೆ. ಆಕೆ ಮಗಳೆಂದು ಮೂಲದಲ್ಲಿ ಎಲ್ಲಿಯೂ ಇಲ್ಲ. ಘಟಿಕಾಪಾತ್ರೆಯ ರಂಧ್ರಕ್ಕೆ ಮುತ್ತು ಸಿಕ್ಕಿ ಲಗ್ನ ತಪ್ಪಿತೆಂಬ, ಮದುವೆಯಿಲ್ಲದೆ ಉಳಿದವಳ ಸಮಾಧಾನಾರ್ಥವಾಗಿ ತಂದೆಯು ಗಣಿತವನ್ನು ಬರೆದನೆಂಬ ಕಥೆಯು 1587ರಲ್ಲಿ ಫೈಜಿಯು ಮಾಡಿದ ಪಾರಸೀ ಭಾಷಾಂತರದ ಮೂಲಕ ಹಬ್ಬಿದುದು. ಹಾಗಾದರೆ ಸಂತಾನವಿಲ್ಲದವಳಿಗೆ ಪುತ್ರಿಯರು ಎಲ್ಲಿಂದ ಬಂದರು? ಜನ್ಮದಿಂದ ಒಂದು, ವಿದ್ಯೆಯಿಂದ ಒಂದು ಎಂದು ವಂಶವು ಎರಡು ಬಗೆಯೆಂಬುದನ್ನು ವೈಯಾಕರಣರು ಒಪ್ಪಿರುವುದರಿಂದ ಸಂಪಾದಕರ ಪ್ರಯೋಗವು ಸಾಧುವೇ ಸರಿ. ಹಳೆಯ ‘ಲೀಲಾವತಿ’ಯಲ್ಲಿ ಪ್ರಶ್ನೆಯೆಲ್ಲವೂ ಆಚಾರ್ಯನದು, ಆಕೆಯ ಉತ್ತರ ಒಂದಕ್ಷರವೂ ಇಲ್ಲ. ಇಲ್ಲಿ ಆಕೆಯ ವಂಶದವರು ಬಾಯಿ ತೆರೆದಿದ್ದಾರೆ. ಗ್ರಂಥದ ಮುಖ್ಯಗುಣ ಇದೇ.

ಪ್ರಕಾಶಕರ ವಿಷಯದಲ್ಲಿಯೂ ಒಂದು ಸ್ವಾರಸ್ಯವುಂಟು. ಈ ಅಕಾಡೆಮಿಯನ್ನು 1934ರಲ್ಲಿ ಸ್ಥಾಪಿಸಿದವರು ಸರ್ ಸಿ. ವಿ. ರಾಮನ್. ಅದರ ಹಿಂದಿನ ವರ್ಷ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು ನಿರ್ದೇಶಕರಾಗಿದ್ದಾಗ, ಮುಂಬಯಿ ವಿಶ್ವವಿದ್ಯಾನಿಲಯದ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದಿದ್ದ ಕಮಲಾ ಭಾಗವತರಿಗೆ, ಮುಂದೆ ಕಮಲಾ ಸೊಹೋನಿಯೆಂದು ಪ್ರಸಿದ್ಧರಾದವರಿಗೆ, ಸ್ತ್ರೀಯೆಂಬ ಒಂದೇ ಕಾರಣದಿಂದ ಪ್ರವೇಶವನ್ನು ನಿರಾಕರಿಸಿದರು. ಆಕೆ ಹಿಂದಿರುಗಲಿಲ್ಲ, ಎದುರು ನಿಂತು ಕಾರಣವನ್ನು ಕೇಳಿದರು. ಕಡೆಗೆ ನಿಬಂಧನೆಗಳ ಮೇಲೆ ಅನುಮತಿ ದೊರೆಯಿತು: ಒಂದು ವರ್ಷ ಪರೀಕ್ಷಾರ್ಥವಾಗಿ ಇರತಕ್ಕದ್ದು, ಗುರುಗಳು ಹೇಳಿದರೆ ರಾತ್ರಿಯಲ್ಲಿಯೂ ಕೆಲಸ ಮಾಡತಕ್ಕದ್ದು, ಇತರರ ಚಿತ್ತವನ್ನು ಕೆಡಿಸತಕ್ಕದ್ದಲ್ಲ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಗಳ ಸಸಾರಜನಕವನ್ನು ಪರಿಶೋಧಿಸಿ ಆಕೆ ಗೆದ್ದರು. ಆಮೇಲೆ ಇತರ ಸ್ತ್ರೀಯರಿಗೂ ಬಾಗಿಲು ತೆರೆಯಿತು. 1939ರಲ್ಲಿ ಆಕೆ ಕೇಂಬ್ರಿಜ್ಜಿನಲ್ಲಿ ಡಾಕ್ಟರೇಟು ಪಡೆದರು. ಆ ವಿಶ್ವವಿದ್ಯಾನಿಲಯವಾದರೋ 1948ರವರೆಗೆ ಸ್ತ್ರೀಯರಿಗೆ ಪೂರ್ಣ ಪದವಿಯ ಅಧಿಕಾರವನ್ನು ಕೊಟ್ಟಿರಲಿಲ್ಲ. ಸಂಕುಚಿತತೆಯು ನಮ್ಮೊಬ್ಬರ ಸ್ವತ್ತಲ್ಲ.

ರಾಮನ್ನರು ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರಲ್ಲವೆ, ಇನ್ನೇನು ಆಕ್ಷೇಪ ಎಂದು ಪೂರ್ವಪಕ್ಷ ಹೇಳಬಹುದು. ತಿದ್ದಿಕೊಂಡುದು ದೊಡ್ಡತನವೇ. ಆದರೆ ಆ ಪರೀಕ್ಷೆಯ ಸ್ವರೂಪವನ್ನು ತರ್ಕದೃಷ್ಟಿಯಿಂದ ನೋಡಬೇಕು. ಪರೀಕ್ಷೆಗೆ ನಿಂತವಳು ಒಬ್ಬ ವ್ಯಕ್ತಿ. ತೀರ್ಪು ಬಿದ್ದುದು ಸ್ತ್ರೀಜಾತಿಯ ಮೇಲೆ. ಒಬ್ಬ ಹುಡುಗನು ಅನುತ್ತೀರ್ಣನಾದರೆ ಪುರುಷರಿಗೆಲ್ಲ ಬಾಗಿಲು ಮುಚ್ಚುವುದಿಲ್ಲ. ಕಮಲಾ ಅವರು ಸೋತಿದ್ದರೆ? ವ್ಯಕ್ತಿಯನ್ನು ಹೇತುವಾಗಿಟ್ಟು ಜಾತಿಯನ್ನು ಸಾಧಿಸುವುದು ಹೇತ್ವಾಭಾಸ. ಹರಿಹರದ ದೇವಾಲಯದಲ್ಲಿ ಒಂದೇ ವಿಗ್ರಹದ ಬಲಭಾಗದಲ್ಲಿ ಹರನೂ ಎಡಭಾಗದಲ್ಲಿ ಹರಿಯೂ ನಿಂತಿದ್ದಾರೆ; ಶಿಲ್ಪಿಯು ಒಂದು ಪಾರ್ಶ್ವವನ್ನು ವರ್ಷಕಾಲ ಪರೀಕ್ಷಿಸಿ ಇನ್ನೊಂದಕ್ಕೆ ಜೋಡಿಸಲಿಲ್ಲ.

ವಿದ್ಯಾರ್ಥಿನಿಗೆ ಬಾಗಿಲು ತೆರೆದ ಮಾತ್ರಕ್ಕೆ ಪೀಠವೂ ದೊರೆಯಿತೆನ್ನಲಾಗದು. ಕನ್ನಡ ನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರು ಅದೇ ಸಂಸ್ಥೆಯ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದುದು 1953ರಲ್ಲಿ, ಅಂದರೆ ಇಪ್ಪತ್ತು ವರ್ಷಗಳ ತರುವಾಯ. 1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ 2020ರವರೆಗೆ ನೇಮಕಗೊಂಡ ನಿರ್ದೇಶಕರಲ್ಲಿ ಸ್ತ್ರೀಯೊಬ್ಬಳೂ ಇಲ್ಲ. 1942ರ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ ಕಲೈಸೆಲ್ವಿಯವರು ಪ್ರಥಮ ಮಹಿಳಾ ಮುಖ್ಯಸ್ಥೆಯಾಗಲು 2022 ಬರಬೇಕಾಯಿತು.

ಗ್ರಂಥದ ದೋಷವೂ ಇದೇ ಜಾಡಿನಲ್ಲಿದೆ. ಇಲ್ಲಿ ಬರೆದವರೆಲ್ಲರೂ ದಡ ಸೇರಿದವರು. ಅಸಾಧಾರಣೆಯರನ್ನೇ ಆರಿಸಿ ತೋರಿಸಿದರೆ, ಸ್ತ್ರೀಯು ಅಸಾಧಾರಣೆಯಾದರೆ ಮಾತ್ರ ಪ್ರವೇಶಾರ್ಹಳು ಎಂಬ ಹಳೆಯ ನಿಬಂಧನೆಯನ್ನೇ ಅರಿಯದೆ ಒಪ್ಪಿದಂತಾಗುತ್ತದೆ. ಸಾಧಾರಣನಾದ ಪುರುಷನಿಗೆ ಪ್ರಯೋಗಶಾಲೆಯಲ್ಲಿ ಎಡೆಯಿರುವಂತೆ ಸಾಧಾರಣಳಾದ ಸ್ತ್ರೀಗೂ ಎಡೆಯಿರಬೇಡವೆ? ಅಸಾಧಾರಣೆಯರಿಗೂ ದಾರಿ ಸುಗಮವಾಗಿರಲಿಲ್ಲವೆಂಬುದಕ್ಕೆ ಅನ್ನಾ ಮಣಿಯವರೇ ಸಾಕ್ಷಿ. 1940ರಲ್ಲಿ ರಾಮನ್ನರ ಪ್ರಯೋಗಶಾಲೆಗೆ ಬಂದು ವಜ್ರ, ಮಾಣಿಕ್ಯಗಳ ಬೆಳಕನ್ನು ಪರಿಶೋಧಿಸಿ ಪ್ರಬಂಧವನ್ನು ಒಪ್ಪಿಸಿದರೂ, ಎಂ.ಎಸ್ಸಿ. ಆಗಿಲ್ಲವೆಂದು ಮದರಾಸು ವಿಶ್ವವಿದ್ಯಾನಿಲಯವು ಪದವಿಯನ್ನು ಕೊಡಲಿಲ್ಲ. ಆಕೆ ಹವಾಮಾನ ಇಲಾಖೆಯಲ್ಲಿ ಹೆಸರು ಪಡೆದರು. ಪ್ರಬಂಧವು ಪುಸ್ತಕಭಂಡಾರದಲ್ಲಿ ಉಳಿಯಿತು.

ಎರಡನೆಯ ಸಂಪುಟವೊಂದು ಹೊರಡುವುದಾದರೆ, ನಡುದಾರಿಯಲ್ಲಿ ಹಿಂದಿರುಗಿದವರ ವೃತ್ತಾಂತ ಅದರಲ್ಲಿ ಬರತಕ್ಕದ್ದು: ತೋಳಹುಣಸೆಯ ವಿಶ್ವವಿದ್ಯಾನಿಲಯದಿಂದ ಹರಿಹರಕ್ಕೆ ಕಡೆಯ ಬಸ್ಸು ತಪ್ಪೀತೆಂದು ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಿದವಳು, ಮದುವೆಯ ವರ್ಷವೇ ಶಿಷ್ಯವೇತನವನ್ನು ಬಿಟ್ಟವಳು, ಬೆಂಗಳೂರಿನಿಂದ ಪ್ರವೇಶಪತ್ರ ಬಂದರೂ ಮನೆಯವರು ಕಳುಹಿಸದವಳು. ಇವರನ್ನು ಹುಡುಕಲು ಸಂಪಾದಕರು ದೂರ ಹೋಗಬೇಕಾಗಿಲ್ಲ, ದಾವಣಗೆರೆಯ ಪಿ. ಜೆ. ಬಡಾವಣೆಯಲ್ಲಿ ನಾಲ್ಕು ಮನೆಯ ಬಾಗಿಲು ತಟ್ಟಿದರೆ ಸಾಕು.