ಕಟ್ಟುವ ಸೂತ್ರ, ಬಿಡಿಸುವ ಸೂತ್ರ

ಒಂದೇ ವ್ಯಾಕರಣವು ಭಾಷೆಯನ್ನು ಬಿಡಿಸುವುದಕ್ಕೂ ರಚಿಸುವುದಕ್ಕೂ ಸಾಲಬೇಕೆಂಬುದು ಗಣಕಯಂತ್ರದ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾದ ವಾದ. ಫಿನ್ನಿಷ್ ಪದರೂಪಗಳಿಗಾಗಿ ಕಿಮ್ಮೊ ಕೊಸ್ಕೆನ್ನಿಯೆಮಿ 1983ರಲ್ಲಿ ರೂಪಿಸಿದ ದ್ವಿಸ್ತರ ಪದ್ಧತಿಯೂ, ಎರಡು ಕಾರ್ಯಗಳಿಗೂ ಒಂದೇ ವಿಧಾನ ಸಾಧ್ಯವೆಂದು ಸ್ಟೂಅರ್ಟ್ ಷೀಬರ್ 1988ರಲ್ಲಿ ಮಂಡಿಸಿದ ಲೇಖನವೂ ಇದಕ್ಕೆ ಬಲವಿತ್ತಿವೆ. ಪ್ರತ್ಯಯಗಳನ್ನು ಸಾಲಾಗಿ ಹತ್ತಿಸಿಕೊಳ್ಳುವ ಕನ್ನಡಕ್ಕೂ ಇದು ಒಪ್ಪುವಂತೆ ತೋರುತ್ತದೆ. ನಮ್ಮ ದುರ್ಗದ ಸೀಮೆಯ ಊರ ಹೆಸರುಗಳ ಮೇಲೆ ಇದನ್ನು ಪರೀಕ್ಷಿಸಬಯಸುತ್ತೇವೆ.

13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿಸೂತ್ರಗಳು ಪದವನ್ನು ಕಟ್ಟುವವನ ಕಡೆಯಿಂದ ಹೇಳಿದವು; ಶಾಸನವನ್ನು ಓದುವವನು ಅವನ್ನು ಹಿಮ್ಮುಖವಾಗಿ ನಡೆಯಿಸಬೇಕು. ಹಿರಿಯೂರಿನಲ್ಲಿ 'ಹಿರಿ'ಗೆ 'ಊರು' ಸೇರಿ ಯಕಾರಾಗಮವಾಯಿತೆನ್ನಬಹುದು. 'ಹಿರಿಯ' ಎಂಬುದರ ಅಕಾರವು ಲೋಪವಾಯಿತೆಂದೂ ಹೇಳಬಹುದು. ಅರ್ಥವೊಂದೇ ಆದ್ದರಿಂದ ಬಾಧಕವಿಲ್ಲ. ಮಳೆಗಾಲ, ಬೆಟ್ಟದಾವರೆಗಳಲ್ಲಿರುವಂತೆ ಹೊಸದುರ್ಗದ ದಕಾರವೂ ಆದೇಶದಿಂದ ಬಂದಿತೇ ಎಂದು ಶಂಕಿಸಿದರೆ, 'ತುರ್ಗ' ಎಂಬ ಶಬ್ದವೇ ಇಲ್ಲ. ನಿಘಂಟು ಸಂಶಯವನ್ನು ಪರಿಹರಿಸುತ್ತದೆ.

ತೊಡಕಿರುವುದು ಕೆರೆಯಲ್ಲಿ. ಹೊಳಲ್ಕೆರೆ, ಚಳ್ಳಕೆರೆಗಳಲ್ಲಿ ಕಕಾರ ಉಳಿದಿದೆ. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ದಾವಣಗೆರೆಯಲ್ಲಿ, ಕೆರೆಯೆಂದೇ ಸಾಮಾನ್ಯವಾಗಿ ತಿಳಿಯುವ ಉತ್ತರಪದವು ಗಕಾರದಿಂದ ತೊಡಗುತ್ತದೆ. ಆದೇಶಸೂತ್ರವನ್ನು ಎಲ್ಲೆಡೆಯೂ ನಡೆಯಿಸುವ ಯಂತ್ರವು 'ಹೊಳಲ್ಗೆರೆ'ಯನ್ನು ಸೃಷ್ಟಿಸುತ್ತದೆ; ಸೂತ್ರವನ್ನು ತಡೆದರೆ ದಾವಣಗೆರೆ ಹುಟ್ಟುವುದೇ ಇಲ್ಲ. ಬಿಡಿಸುವಾಗಲಂತೂ 'ಗೆರೆ'ಯೂ ಕನ್ನಡದ ಸಹಜ ಶಬ್ದವೇ ಆದುದರಿಂದ ನಿಘಂಟಿನಿಂದಲೂ ಪರಿಹಾರ ದೊರೆಯದು. ನೀರು ನಿಂತ ಕೆರೆಯೋ, ಎಳೆದ ಗೆರೆಯೋ? ಆ ನೆಲದ ಇತಿಹಾಸವನ್ನೇ ಕೇಳಬೇಕು.

ನಮ್ಮ ಗುರುತರವಾದ ಆಕ್ಷೇಪ ಬೇರೊಂದಿದೆ. ಇಂದಿನ 'ಹಿರಿಯ', 'ಹೊಸ' ಎಂಬವು ಹಳಗನ್ನಡದಲ್ಲಿ 'ಪಿರಿಯ', 'ಪೊಸ'. ಶಾಸನವನ್ನು ಓದುವ ಯಂತ್ರವು ಪಕಾರ ಹಕಾರಗಳೆರಡನ್ನೂ ಒಪ್ಪಬೇಕು. ಇಂದಿನ ದಾಖಲೆಯನ್ನು ಬರೆಯುವ ಯಂತ್ರವು ಹಕಾರವನ್ನು ಮಾತ್ರ ನುಡಿಯಬೇಕು. ಇಷ್ಟು ಉದಾರವಾಗಿ ಓದುವ ವ್ಯಾಕರಣವನ್ನು ಹಾಗೆಯೇ ತಿರುಗಿಸಿ ಬರೆಯಲು ಹಚ್ಚಿದರೆ, ಹಲವು ಶತಮಾನಗಳ ಕನ್ನಡ ಒಂದೇ ಪುಟದಲ್ಲಿ ಕಲಸಿಹೋಗುತ್ತದೆ.

ಆದರೂ ಈ ವಾದವನ್ನು ನಾವು ತಳ್ಳಿಹಾಕಲಾರೆವು. ಬಿಡಿಸುವ ಯಂತ್ರವೊಂದೇ ಇದ್ದಿದ್ದರೆ 'ಹೊಳಲ್ಗೆರೆ'ಯ ದೋಷವು ಕಾಣುತ್ತಲೇ ಇರಲಿಲ್ಲ. ಕಟ್ಟಿಸಿ ನೋಡಿದ್ದರಿಂದ ಬಯಲಾಯಿತು. ಆದಕಾರಣ ಸಂಧಿಸೂತ್ರಗಳು ಉಭಯಸಾಧಾರಣವಾಗಿರಲಿ. ಕಾಲಭೇದದ ರೂಪಗಳಿಗೆ ಮಾತ್ರ ಅವುಗಳ ಕಾಲದ ಗುರುತು ಬೇಕು. ದಾವಣಗೆರೆಯಂತಹ ಹೆಸರಿಗೆ ಯಂತ್ರವು ಎರಡು ವಿಭಾಗಗಳನ್ನೂ ತೋರಿಸಿ ನಿರ್ಣಯವನ್ನು ಶಾಸನಜ್ಞರಿಗೆ ಬಿಡತಕ್ಕದ್ದು. ಒಂದನ್ನೇ ಆರಿಸಿ ಸ್ಥಳನಾಮಗಳ ಪಟ್ಟಿಗೆ ಸೇರಿಸಿದಲ್ಲಿ, ಮುಂದೆ ಆ ಪಟ್ಟಿಯನ್ನೇ ಆಧಾರವಾಗಿ ಹಿಡಿಯುವ ಚರಿತ್ರಕಾರನಿಗೆ ಇನ್ನೊಂದು ಸಾಧ್ಯತೆ ಇದ್ದಿತೆಂಬುದೇ ತಿಳಿಯದು.