ಮೊದಲು ಬಯಲು ನೋಡಿ: ಆರ್ ನಕ್ಷೆಯ ರಸಿಕರಿಗೊಂದು ಕೈಪಿಡಿ

ಕಣಭೌತಶಾಸ್ತ್ರದಲ್ಲಿ ಕೂತು ಸವಿಯಬೇಕಾದ ಚಿತ್ರವೊಂದಿದ್ದರೆ ಅದು ಆರ್ ನಕ್ಷೆ. ತುರ್ಭೆಯವರಿಗೆ ಇದು ಪೂರ್ತಿ ಪರವೂರಿನ ಸಂಗತಿಯಲ್ಲ. ಜಿನೀವಾ ಬಳಿಯ ಲೆಪ್ ಯಂತ್ರದಲ್ಲಿ (1989–2000) ನಡೆದ ಎಲ್3 ಪ್ರಯೋಗದಲ್ಲಿ ನಮ್ಮ ಕೊಲಾಬಾದ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ ಕೂಡ ಪಾಲುಗೊಂಡಿತ್ತು.

ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಢಿಕ್ಕಿ ಹೊಡೆದು ಅಳಿದಾಗ ಒಮ್ಮೆ ಪಯಾನ್, ಪ್ರೋಟಾನ್‌ಗಳಂಥ ಹೇಡ್ರಾನ್‌ಗಳು ಹುಟ್ಟುತ್ತವೆ, ಇನ್ನೊಮ್ಮೆ ಮ್ಯೂಯಾನ್ ಜೋಡಿ. ಮೊದಲನೆಯದರ ಪ್ರಮಾಣವನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವುದೇ ಆರ್. ಢಿಕ್ಕಿಯ ಶಕ್ತಿ ಏರಿದಂತೆ ಅದು ಹೇಗೆ ಬದಲಾಗುತ್ತದೆಂದು ತೋರಿಸುವುದೇ ಆರ್ ನಕ್ಷೆ. ಭಾಗಿಸುವುದೇಕೆ? ಶಕ್ತಿ ಏರಿದಂತೆ ಎರಡೂ ಒಟ್ಟಿಗೇ ಕುಸಿಯುತ್ತವೆ. ಎಪಿಎಂಸಿಯಲ್ಲಿ ಕಾಂದಾ ದರವೊಂದನ್ನೇ ಕೇಳಿದರೆ ಏನೂ ತಿಳಿಯದು. ಅದೇ ದಿನದ ಬಟಾಟೆ ದರದ ಪಕ್ಕ ಇಟ್ಟರೆ ತಿಳಿಯುತ್ತದೆ.

ಹೊಸಬರ ಕಣ್ಣು ನೇರ ಶಿಖರಗಳಿಗೆ ಹೋಗುತ್ತದೆ. ಹೋಗಲಿ ಬಿಡಿ, ಆದರೆ ರಸ ಇರುವುದು ಶಿಖರಗಳ ನಡುವಿನ ಬಯಲಿನಲ್ಲಿ. ಅಲ್ಲಿ ಲೆಕ್ಕ ಬೆರಳೆಣಿಕೆಯಷ್ಟು ಸುಲಭ, ಹೇಡ್ರಾನ್‌ಗಳ ಒಳಗಿನ ಕ್ವಾರ್ಕ್‌ಗಳ ವಿದ್ಯುದಂಶ ಗೊತ್ತಿದ್ದರೆ ಸಾಕು. ಅಪ್ ಕ್ವಾರ್ಕಿನ ವಿದ್ಯುದಂಶ 2/3, ಡೌನ್ ಮತ್ತು ಸ್ಟ್ರೇಂಜ್‌ಗಳದು –1/3. ವರ್ಗ ಮಾಡಿ ಕೂಡಿಸಿ: 4/9, 1/9, 1/9, ಒಟ್ಟು 2/3. ಆದರೆ ಢಿಕ್ಕಿಯ ಶಕ್ತಿ 2ರಿಂದ 3 ಜಿಇವಿ ನಡುವೆ ಇದ್ದಾಗ ಅಳತೆ ಹೇಳುವುದು ಸುಮಾರು 2.2! ಪ್ರತಿ ಕ್ವಾರ್ಕಿಗೂ ಮೂರು 'ಬಣ್ಣ' ಉಂಟೆಂದು ಮೂರರಿಂದ ಗುಣಿಸಿದರೆ 2 ಬರುತ್ತದೆ. ಉಳಿದ ಚೂರು ಕ್ವಾರ್ಕ್‌ಗಳನ್ನು ಬೆಸೆಯುವ ಗ್ಲೂಆನ್‌ಗಳ ಕೈವಾಡ, ಅದನ್ನೂ ಲೆಕ್ಕ ಹಾಕಬಹುದು. ಕಣ್ಣಿಗೆ ಕಾಣದ ಬಣ್ಣವನ್ನು ಭಾಗಾಕಾರವೊಂದು ಎಣಿಸಿಕೊಟ್ಟಿತು. ಈ ನಕ್ಷೆಯಲ್ಲಿ ನನಗೆ ಇದಕ್ಕಿಂತ ಹಿತವಾದದ್ದು ಬೇರಿಲ್ಲ.

ಮುಂದೆ ಚಾರ್ಮ್ ಕ್ವಾರ್ಕ್ ಸೇರಿದಾಗ ಲೆಕ್ಕ 10/3ಕ್ಕೆ, ಬಾಟಮ್ ಸೇರಿದಾಗ 11/3ಕ್ಕೆ ಜಿಗಿಯುತ್ತದೆ. ಅಳತೆಯ ಚುಕ್ಕಿಗಳೂ ಹಾಗೇ ಮೆಟ್ಟಿಲೇರುತ್ತವೆ. ಮೆಟ್ಟಿಲಿನ ಅಂಚಿನಲ್ಲಿ ಮಾತ್ರ ಗದ್ದಲ, ಅಲ್ಲಿ ಈ ಸರಳ ಲೆಕ್ಕವನ್ನು ನಂಬಬೇಡಿ.

ಈಗ ಶಿಖರಕ್ಕೆ ಬನ್ನಿ. 3.1 ಜಿಇವಿಯಲ್ಲಿರುವುದು ಜೆ/ಸೈ. 1974ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬರ್ಟನ್ ರಿಕ್ಟರ್ ತಂಡ, ಬ್ರೂಕ್‌ಹೇವನ್‌ನಲ್ಲಿ ಸ್ಯಾಮ್ಯುಯೆಲ್ ಟಿಂಗ್ ತಂಡ ಬೇರೆಬೇರೆಯಾಗಿ ಕಂಡುಕೊಂಡವು. 1976ರ ನೊಬೆಲ್ ಇಬ್ಬರಿಗೂ ಬಂತು. ಆಮೇಲೆ ಎಲ್3ಕ್ಕೆ ಮುಂದಾಳಾದವರು ಇದೇ ಟಿಂಗ್. ಒಂದು ಎಚ್ಚರ: ಪ್ರಯೋಗದಲ್ಲಿ ಕಂಡ ಈ ಶಿಖರದ ಅಗಲ ಕಣದ್ದಲ್ಲ, ಯಂತ್ರದ್ದು. ಕಣದ ನಿಜವಾದ ಅಗಲ ಸುಮಾರು 93 ಕೆಇವಿ, ಯಂತ್ರದ ಕಣಪುಂಜದ ಶಕ್ತಿಯ ಹರವು ಅದಕ್ಕಿಂತ ಎಷ್ಟೋ ಹೆಚ್ಚು.

ಲೆಪ್ ನಿಂತು ಅಳೆದದ್ದು 91 ಜಿಇವಿ ಬಳಿಯ ಜೆಡ್ ಕಣದ ಶಿಖರವನ್ನು. ನಾಲ್ಕು ಪ್ರಯೋಗಗಳು ಸೇರಿ ಸುಮಾರು 1.7 ಕೋಟಿ ಜೆಡ್ ಕಣಗಳನ್ನು ದಾಖಲಿಸಿದವು. ಜೆಡ್ ಒಡೆದು ಹೇಡ್ರಾನ್ ಆಗುವುದಕ್ಕೂ ಒಂದು ಬಗೆಯ ಲೆಪ್ಟಾನ್ ಜೋಡಿ ಆಗುವುದಕ್ಕೂ ಇರುವ ಅನುಪಾತ ಅಳತೆಯಲ್ಲಿ 20.767, ತಪ್ಪಿನ ಅಂದಾಜು 0.025, ಸಿದ್ಧಾಂತದ ಲೆಕ್ಕ ಸುಮಾರು 20.74. ಇಷ್ಟು ಹತ್ತಿರ ಬಂದದ್ದನ್ನು ಕಂಡು ತಲೆದೂಗದವರು ರಸಿಕರಲ್ಲ.

ಎಲ್ಲ ಕಡೆಯೂ ಹೀಗೆ ಸರಾಗವಲ್ಲ. 1 ಜಿಇವಿಗಿಂತ ಕೆಳಗೆ ಕ್ವಾರ್ಕ್ ಲೆಕ್ಕ ಕೈಕೊಡುತ್ತದೆ, ಅಲ್ಲಿ ಅಳತೆಯೇ ಗತಿ. ಆ ಅಳತೆಗಳಿಗೂ ತಮ್ಮತಮ್ಮಲ್ಲೇ ಜಗಳ: 2023ರಲ್ಲಿ ನೊವೊಸಿಬಿರ್ಸ್ಕ್‌ನ ಸಿಎಂಡಿ-3 ಕೊಟ್ಟ ಪಯಾನ್ ಜೋಡಿಯ ಪ್ರಮಾಣ ಹಿಂದಿನವಕ್ಕಿಂತ ಮೇಲಿದೆ. ಮ್ಯೂಯಾನಿನ ಕಾಂತಗುಣದ ಒಂದು ಬಗೆಯ ಲೆಕ್ಕ ಇದೇ ಅಂಕಿಗಳನ್ನು ನೆಚ್ಚಿಕೊಂಡಿರುವುದರಿಂದ ಜಗಳ ಚಿಕ್ಕದಲ್ಲ.

ಪಾರ್ಟಿಕಲ್ ಡೇಟಾ ಗ್ರೂಪ್‌ನ ಸಂಗ್ರಹದಲ್ಲಿ ನಕ್ಷೆ ಉಚಿತವಾಗಿ ಸಿಗುತ್ತದೆ. ತೆರೆದು, ಮೊದಲ ಬೆರಳನ್ನು 5 ಮತ್ತು 9 ಜಿಇವಿ ನಡುವಿನ ಬಯಲಿನ ಮೇಲಿಡಿ.